ಊದಿ ತೋರಿಸು

ಯಲಿಯೂರು
೬ ಜನವರಿ ೨೦೨೫

ಸಿದ್ದರಾಜು,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಆದ್ದರಿಂದ ಕೇಳುವುದಿಲ್ಲ. ನಿನ್ನ ಸಮಾಚಾರ ನೀನು ಹೇಳುವ ಮೊದಲೇ ಬಸ್ಸು ಹತ್ತಿ ಬಂದಿದೆ. ನಿನ್ನೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅಂಬರೀಶ್ ಸಿಕ್ಕಿದ್ದ. ನಾವಿಬ್ಬರೂ ಹತ್ತೊಂಬತ್ತು ವರ್ಷ ಓಡಿಸಿದ ಮಂಡ್ಯ–ಮಳವಳ್ಳಿ ರೂಟು ಈಗ ಅವನದು. "ಅಣ್ಣ, ನಿಮ್ ಡ್ರೈವರ್ ಸಿದ್ದರಾಜಣ್ಣ ಮಳವಳ್ಳೀಲಿ ಮೋರಿ ತಾವ ಬಿದ್ದಿದ್ರು ಕಣಣ್ಣ. ಬೆಳಿಗ್ಗೆ ಅನ್ನೊಂದ್ ಗಂಟೆ. ಮೂತಿ ಮ್ಯಾಲೆಲ್ಲ ನೊಣ" ಎಂದ. ಹೇಳುವಾಗ ತುಟಿಯಲ್ಲಿ ಸಣ್ಣ ನಗು ಇತ್ತು. ನಾನು ಮನೆಗೆ ಬಂದು ಊಟಕ್ಕೆ ಕೂತೆ. ಆ ನೊಣ ನೆನಪಾಗಿ ತಟ್ಟೆ ಸರಿಸಿ ಎದ್ದೆ.

ಏನು ಕುಡಿದಿದ್ದೆ ಎಂದು ಕೇಳುವುದಿಲ್ಲ. ೨೦೦೮ರ ಶಿವರಾತ್ರಿಯ ಮಾರನೆಯ ದಿನವನ್ನು ಮಾತ್ರ ನೆನಪು ಮಾಡುತ್ತೇನೆ. ಶಿವಪುರದ ಹತ್ತಿರ ಕಬ್ಬಿನ ಗಾಡಿಗೂ ನಮ್ಮ ಬಸ್ಸಿನ ಮೂತಿಗೂ ಒಂದು ಗೇಣು ಉಳಿದಿತ್ತು. ಒಳಗೆ ಐವತ್ತೆಂಟು ಜನ. ಇಳಿದು ಬಂದು ನಿನ್ನ ಬಾಯಿ ಮೂಸಿದೆ. ಆ ನಾತ ಇನ್ನೂ ನನ್ನ ಮೂಗಿನಲ್ಲಿದೆ. ಅಲ್ಲೇ ಇದ್ದ ಧ್ವಜ ಸತ್ಯಾಗ್ರಹ ಸೌಧದ ಮೆಟ್ಟಿಲ ಮೇಲೆ ನಿನ್ನನ್ನು ಕೂರಿಸಿ ಆಣೆ ಹಾಕಿಸಿದೆ. ಅವತ್ತಿನಿಂದ ನಿವೃತ್ತಿಯ ದಿನದವರೆಗೆ, ಮೊದಲ ಟ್ರಿಪ್ಪಿಗೆ ಮುಂಚೆ ನಾನು "ಊದ್ಲಾ" ಎನ್ನುವುದು, ನೀನು ನನ್ನ ಮುಖಕ್ಕೆ ಊದುವುದು. ಬೀಡಿ, ಬೆಳ್ಳುಳ್ಳಿ, ಹಳಸಲು ಸಾರು, ಎಲ್ಲ ನಾತವನ್ನೂ ಸಹಿಸಿದೆ. ಅದೊಂದು ಬರಲಿಲ್ಲವಲ್ಲ ಎಂಬ ಸಮಾಧಾನ ಸಾಕಾಗಿತ್ತು. ನನ್ನಪ್ಪ ಕುಡಿದು ತನ್ನ ವಾಂತಿಯ ಮೇಲೇ ಮಲಗಿ ಸತ್ತವನು. ಅದು ಗೊತ್ತಿದ್ದೂ ನೀನು ಹೀಗೆ ಮಾಡಿದೆ.

ಅಕ್ಷರ ಸೊಟ್ಟಗಿದೆ, ಹೊಂದಿಸಿಕೊಂಡು ಓದು. ಬಚ್ಚಲಲ್ಲಿ ಪಾಚಿ ಕಟ್ಟಿ ಕಾಲು ಜಾರಿತು, ಬಲಗೈಗೆ ಪಟ್ಟಿ ಸುತ್ತಿದ್ದಾರೆ. ಮನೆಯವಳು, ಚಲುವಮ್ಮ, ಮೂರು ಹೊತ್ತೂ ಬಿಸಿನೀರು ಶಾಖ ಕೊಡುತ್ತಿದ್ದಾಳೆ. ಇಂಜಿನ್ ಪಕ್ಕ ಕೂತು ಕೂತು ನಿನ್ನ ಕಿವಿ ಹೋಗಿರುವುದರಿಂದ ಫೋನಿನಲ್ಲಿ ಬೈಯುವ ಭಾಗ್ಯವೂ ನನಗಿಲ್ಲ. ಉತ್ತರವಿದ್ದರೆ ಅಂಬರೀಶನ ಕೈಲೇ ಕೊಡು.

ಲಿಂಗಯ್ಯ


ಮಳವಳ್ಳಿ
೧೦ ಜನವರಿ ೨೦೨೫

ಕಂಡಕ್ಟರೇ,

ಕಾಗದ ತಲುಪಿತು. ಒಂದು ಹನಿ ಮುಟ್ಟಿಲ್ಲ. ಇಷ್ಟು ಬರೆದರೆ ಉತ್ತರ ಮುಗಿಯಿತು, ಆದರೆ ನೀನು ನಂಬುವವನಲ್ಲ.

ಬಿದ್ದದ್ದು ನಿಜ. ಮೆಡಿಕಲ್ಲಿಗೆ ಮಂಡಿನೋವಿನ ಮಾತ್ರೆ ತರಲು ಹೋಗಿದ್ದೆ. ಕ್ಲಚ್ ತುಳಿದೂ ತುಳಿದೂ ಎಡಮಂಡಿ ಸವೆದಿದೆ. ಅಂಗಡಿಯವನು ಚೀಟಿ ಕೇಳುವುದಿಲ್ಲ, ಹಳದಿ ಮಾತ್ರೆ ಕೊಡುತ್ತಾನೆ, ಬೆಳಿಗ್ಗೆ ಎರಡು, ರಾತ್ರಿ ಎರಡು ನುಂಗುತ್ತೇನೆ. ಎರಡು ವರ್ಷವಾಯಿತು, ಅದಿಲ್ಲದೆ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಅವತ್ತು ಅಂಗಡಿ ಮುಂದಿನ ಬೆಂಚಿನಿಂದ ಎದ್ದೆ, ಕಣ್ಣು ಕತ್ತಲಾಯಿತು. ಮತ್ತೆ ಕಣ್ಣು ಬಿಟ್ಟಾಗ ಕೆನ್ನೆಗೆ ಕೊಚ್ಚೆ ತಾಗಿತ್ತು. ಸುತ್ತ ಎಂಟು ಹತ್ತು ಜನ ನಿಂತಿದ್ದರು. ಒಬ್ಬನೂ ಕೈ ಕೊಡಲಿಲ್ಲ. "ಬೆಳಗ್ಗೆನೇ ಏರ್ಸವ್ನೆ ನೋಡ್ಲಾ" ಎಂದ ಒಬ್ಬ. ನನ್ನ ಕಿವಿಗೆ ಮಾತು ಕೇಳಿಸುವುದಿಲ್ಲ, ಬೈಗಳು ಹೇಗೋ ಕೇಳಿಸುತ್ತದೆ. ಇನ್ನೊಬ್ಬ ಮೊಬೈಲಿನಲ್ಲಿ ಪಟ ಹಿಡಿಯುತ್ತಿದ್ದ. ಮೋರಿಯ ಕೊಚ್ಚೆಯನ್ನು ನಲ್ಲಿ ಕೆಳಗೆ ತೊಳೆದುಕೊಂಡೆ. ಆ ಮುಖಗಳನ್ನು ನೆನೆದರೆ ಇವತ್ತಿಗೂ ಉಗಿಯಬೇಕು ಅನಿಸುತ್ತದೆ.

ಮನೆಯಲ್ಲಿ ಚಿಕ್ಕಮಾದಮ್ಮನಿಗೆ ಸುದ್ದಿ ಆಗಲೇ ಬಂದಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಸೆರಗು ಮೂಗಿಗೆ ಹಿಡಿದು "ಎಲ್ಲಿ, ಊದು" ಎಂದಳು. ನೀನು ಕಲಿಸಿದ ವಿದ್ಯೆ.

ಈಗ ನನಗಿರುವುದು ಒಂದೇ ರೂಟು. ಒಂಬತ್ತು ಗಂಟೆಗೆ ಮೊಮ್ಮಗಳು ಅಮೃತಳ ಕೈ ಹಿಡಿದು ಶಾಲೆಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು. ಒಂದನೇ ಕ್ಲಾಸು. ದಾರಿಯಲ್ಲಿ ನಾಲೆ ಸೇತುವೆ ಸಿಗುತ್ತದೆ. ಅಲ್ಲಿ ಅವಳು ನಿಲ್ಲಿಸುತ್ತಾಳೆ, ಎರಡೂ ಕಡೆ ನೋಡುತ್ತಾಳೆ, "ರೈಟ್ ರೈಟ್" ಎಂದಮೇಲೆ ನಾನು ಹೊರಡಬೇಕು. ನಿನಗಿಂತ ಬಿಗಿಯಾದ ಕಂಡಕ್ಟರ್. ಈ ರೂಟು ಇರುವ ತನಕ ನನಗೆ ಬೆಳಗಾಗುತ್ತದೆ. ಅದಕ್ಕಾದರೂ ನಾನು ಕುಡಿಯುವುದಿಲ್ಲ ಎಂದು ನಂಬು. ಬಿದ್ದದ್ದು ಬಿಟ್ಟರೆ ಬೇರೇನೂ ಆಗಿಲ್ಲ.

ಸಿದ್ದರಾಜು


ಯಲಿಯೂರು
೨೨ ಜನವರಿ ೨೦೨೫

ಸಿದ್ದರಾಜು,

ಬೇರೇನೂ ಆಗಿಲ್ಲ ಎಂದು ಬರೆದಿದ್ದೀಯ. ಡಿಸೆಂಬರಿನಲ್ಲಿ ಆ ನಾಲೆ ಸೇತುವೆಯ ಮೇಲೆ ಮಗುವಿನ ಕೈ ಹಿಡಿದುಕೊಂಡೇ ಕುಸಿದೆಯಲ್ಲ, ಅದು ಏನು? ಮಗುವಿನ ಮೊಣಕೈ ತರಚಿ ರಕ್ತ ಬಂದದ್ದು ಏನು? ಸೇತುವೆಯ ಕಂಬಿ ಒಂದು ಮಾರು ಆಚೆ ಮುರಿದಿತ್ತಂತೆ. ಯಾರು ಹೇಳಿದರು ಎಂದು ಕೇಳಬೇಡ.

ಕಣ್ಣು ಕತ್ತಲಾಯಿತು ಎಂಬ ಮಾತು ನನಗೆ ಹೊಸದಲ್ಲ. ೨೦೦೮ಕ್ಕೆ ಮುಂಚೆ ನೂರು ಸಲ ಕೇಳಿದ್ದೇನೆ. ಒಂದು ದಿನ ಕಣ್ಣು ಕತ್ತಲೆ, ಒಂದು ದಿನ ಬಜ್ಜಿ ಒಗ್ಗಲಿಲ್ಲ, ಒಂದು ದಿನ ಬಿಸಿಲು. ಒಂದು ದಿನವೂ ಸಾರಾಯಿ ಎಂದು ನಿನ್ನ ಬಾಯಲ್ಲಿ ಬರಲಿಲ್ಲ. ನಾಯಿ ಬಾಲ ಯಾವತ್ತಿದ್ದರೂ ಡೊಂಕು. ಸುಳ್ಳು ಹೇಳಿದ್ದಕ್ಕೆ ಅಸಹ್ಯವಿಲ್ಲ, ಮಗುವನ್ನು ಅಡ್ಡ ಇಟ್ಟುಕೊಂಡು ಹೇಳಿದೆಯಲ್ಲ, ಅದು ಅಸಹ್ಯ. ಆ ಕಾಗದವನ್ನು ಮುಟ್ಟಿದ ಕೈಯನ್ನು ತೊಳೆದುಕೊಂಡೆ.

ಬರೆಯುವುದು ತಡವಾಯಿತು. ಸಂಕ್ರಾಂತಿ ದಿನ ದೇವಸ್ಥಾನದ ಮೆಟ್ಟಿಲ ಮೇಲೆ ಮುಗ್ಗರಿಸಿದೆ. ಹೊಸ ಚಪ್ಪಲಿ, ಅಟ್ಟೆ ಜಾರುತ್ತದೆ. ನಾಲ್ಕು ಜನ ಓಡಿ ಬಂದು ಎತ್ತಿ ಕೂರಿಸಿ, ತಲೆಗೆ ನೀರು ತಟ್ಟಿ, ಮಜ್ಜಿಗೆ ತಂದುಕೊಟ್ಟರು. ನಮ್ಮೂರಿನ ಜನ ಒಳ್ಳೆಯವರು.

ಲಿಂಗಯ್ಯ


ಮಳವಳ್ಳಿ
೨೯ ಜನವರಿ ೨೦೨೫

ಲಿಂಗಯ್ಯ,

ಯಾರು ಹೇಳಿದರು ಎಂದು ನಾನು ಕೇಳುವ ಅಗತ್ಯ ಬೀಳಲಿಲ್ಲ. ಸೊಸೆ ರಂಜಿತಾನೇ ಎದುರಿಗೆ ನಿಂತು ಹೇಳಿದಳು, ನನಗೆ ಕೇಳಲಿ ಎಂದು ಬೀದಿಗೆಲ್ಲ ಕೇಳುವ ಹಾಗೆ. "ಮಾವ, ನಾನೇ ಲಿಂಗಯ್ಯ ಮಾಮಂಗೆ ಫೋನ್ ಮಾಡಿ ಕೇಳ್ದೆ. ಕುಡೀತಿದ್ದ, ಈಗ್ಲೂ ಕುಡ್ದಿರ್ತಾನೆ, ಮಗೀನ ಅವನ ಕೈಗೆ ಕೊಡಬ್ಯಾಡ ಅಂದವ್ರೆ. ಆ ಮಾಮ ಸುಳ್ ಯೋಳಾಕಿಲ್ಲ. ನಾಳಿಂದ ಆಟೋದಲ್ಲಿ ಕಳಿಸ್ತೀನಿ."

ಅವಳ ಮೇಲೆ ನನಗೆ ಕೋಪವಿಲ್ಲ. ಹೆತ್ತವಳು ಹಾಗೇ ಇರಬೇಕು. ಗೆಜ್ಜಲಗೆರೆ ಫ್ಯಾಕ್ಟರಿಯಿಂದ ಬಂದ ಮಗ ತಲೆ ಎತ್ತಲೇ ಇಲ್ಲ, ಮುದ್ದೆ ನುಂಗಿ ಕೈ ತೊಳೆದ. ಸೇತುವೆಯ ವಿಷಯ ನಿನಗೆ ಬರೆಯಲಿಲ್ಲ, ಅದು ನನ್ನ ತಪ್ಪು. ಬರೆದರೆ ನೀನು ಏನು ತಿಳಿದುಕೊಳ್ಳುತ್ತೀಯ ಎಂದು ಗೊತ್ತಿತ್ತು. ಬರೆಯದಿದ್ದರೂ ಅದನ್ನೇ ತಿಳಿದುಕೊಂಡೆ.

ಆಟೋದಲ್ಲಿ ಏಳು ಮಕ್ಕಳು. ಅಮೃತ ಅಂಚಿಗೆ ಕೂರುತ್ತಾಳೆ. ಮೊದಲ ಎರಡು ದಿನ ತಿರುಗಿ ನೋಡಿದಳು, ಈಗ ನೋಡುವುದಿಲ್ಲ.

ಇಲ್ಲಿ ದಿನಕ್ಕೆರಡು ಸಲ ನನ್ನ ಬಾಯಿ ಮೂಸುತ್ತಾರೆ. ನಾತ ಬರದಿದ್ದರೆ "ಏಲಕ್ಕಿ ಅಗ್ದವ್ನೆ" ಎನ್ನುತ್ತಾರೆ. ನನ್ನ ಬಟ್ಟೆಯನ್ನು ಬೇರೆ ನೆನೆಹಾಕುತ್ತಾರೆ. ನೆಂಟನೊಬ್ಬ ಬಂದು ಬೀರುವಿನ ಹಿಂದೆ, ಒಲೆ ಕೆಳಗೆ, ಅಮೃತಳ ಸ್ಕೂಲ್ ಬ್ಯಾಗಿನಲ್ಲಿ ಬಾಟಲಿ ಹುಡುಕಿದ. ಮಗುವಿನ ಊಟದ ಡಬ್ಬಿ ಮುಚ್ಚಳ ತೆಗೆದು ಮೂಸಿದ.

ಮೈ ಚೆನ್ನಾಗಿಲ್ಲ ಎನ್ನುವುದೂ ನಿಜ. ಮೂರು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ನಾಲಿಗೆಗೆ ರುಚಿ ಇಲ್ಲ, ಆದರೆ ಹಸಿ ಅಕ್ಕಿ ಕಂಡರೆ ಬಾಯಲ್ಲಿ ನೀರು. ಡಬ್ಬಕ್ಕೆ ಕೈ ಹಾಕಿ ಹಿಡಿಹಿಡಿ ಮುಕ್ಕುತ್ತೇನೆ. ಇನ್ನೊಂದು ವಿಷಯ ಇದೆ, ಬೆಳಿಗ್ಗೆ ಕಕ್ಕಸಿಗೆ ಹೋದಾಗ ಕಾಣುವಂಥದ್ದು. ಬರೆದರೆ ನಿನಗೆ ಅನ್ನ ಸೇರುವುದಿಲ್ಲ. ಕೇಳಿದರೆ ಮಾತ್ರ ಬರೆಯುತ್ತೇನೆ.

ಸಿದ್ದರಾಜು


ಯಲಿಯೂರು
೭ ಫೆಬ್ರವರಿ ೨೦೨೫

ಸಿದ್ದರಾಜು,

ಬೇಡ. ಕಕ್ಕಸಿನಲ್ಲಿ ಕಾಣುವುದನ್ನು ಕಾಗದದಲ್ಲಿ ಕಾಣಿಸಬೇಡ. ಕುಡಿದವರಿಗೆ ಹೇಸಿಗೆಯ ಮಾತಿನಲ್ಲಿ ಅದೇನು ಸುಖವೋ. ನಮ್ಮಪ್ಪನೂ ಹೀಗೇ ಮಾತಾಡುತ್ತಿದ್ದ.

ರಂಜಿತಾಗೆ ಹೇಳಿದವನು ನಾನೇ. ಮುಚ್ಚಿಟ್ಟದ್ದು ನಿನಗೆ ಹೆದರಿ ಅಲ್ಲ, ಮಾತು ಬೆಳೆಯದಿರಲಿ ಎಂದು. ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೇನೆ.

ನಿನ್ನ ಕಾಗದ ಓದುವಾಗ ಚಲುವಮ್ಮ ಪಕ್ಕದಲ್ಲಿದ್ದಳು. ಹಸಿ ಅಕ್ಕಿಯ ಮಾತು ಕೇಳಿ, "ರಕ್ತ ಕಮ್ಮಿ ಆಗದೆ ಕಣ್ರೀ ಅವರ್ಗೆ, ಆಸ್ಪತ್ರೆಗೆ ಓಗಕ್ ಯೋಳಿ" ಎಂದಳು. ನನಗೆ ನಗು ಬಂತು. ರಕ್ತ ಕಮ್ಮಿಯಾಗುವುದು ಬಸುರಿ ಬಾಣಂತಿಯರಿಗೆ. ಅರವತ್ತು ವರ್ಷ ಮುದ್ದೆ, ಸೊಪ್ಪು, ಆಲೆಮನೆ ಬೆಲ್ಲ ತಿಂದ ಗಂಡಸಿಗೆ ರಕ್ತ ಕಮ್ಮಿ ಎಂದರೆ ಕಾವೇರಿ ನಾಲೆಯಲ್ಲಿ ನೀರಿಲ್ಲ ಎಂದ ಹಾಗೆ. ಇವಳು ನನಗೂ ಅದನ್ನೇ ಹೇಳುತ್ತಾಳೆ. ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರುತ್ತೇನೆ, ಅಷ್ಟಕ್ಕೇ. ವಯಸ್ಸಾದ ಮೇಲೆ ಎಲ್ಲರೂ ಕೂರುತ್ತಾರೆ.

ನಿನಗೆ ಬೇಕಾದ ಆಸ್ಪತ್ರೆ ಬೇರೆ. ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ ೧೭ರಿಂದ ೨೪ರವರೆಗೆ ಕುಡಿತ ಬಿಡಿಸುವ ಶಿಬಿರ ಇದೆ. ನಿನ್ನ ಹೆಸರು ಬರೆಸಿದ್ದೇನೆ. ನಿನ್ನ ಮಗನಿಗೂ ಹೇಳಿದ್ದೇನೆ, ಕರೆತರುತ್ತಾನೆ. ಎಂಟು ದಿನ ಇದ್ದು, ಕೊನೆಯ ದಿನ ಎಲ್ಲರ ಮುಂದೆ ಹಾರ ಹಾಕಿಸಿಕೋ. ಅವತ್ತು ನಾನೇ ಬರುತ್ತೇನೆ. ನಿನ್ನ ಜೊತೆ ಮಳವಳ್ಳಿಗೆ ಬಂದು, ಅಮೃತಳ ಕೈಯನ್ನು ನಿನ್ನ ಕೈಗೆ ಕೊಡು ಎಂದು ರಂಜಿತಾಗೆ ಹೇಳುತ್ತೇನೆ. ಅವಳು ನನ್ನ ಮಾತು ಕೇಳುತ್ತಾಳೆ. ಹೋಗದಿದ್ದರೆ ಇದೇ ನನ್ನ ಕೊನೆಯ ಕಾಗದ.

ಲಿಂಗಯ್ಯ


ಮದ್ದೂರು
೨೦ ಫೆಬ್ರವರಿ ೨೦೨೫

ಕಂಡಕ್ಟರೇ,

ಬಂದಿದ್ದೇನೆ. ನೀನು ಆಸೆ ತೋರಿಸಿದ್ದು ಬೆಲ್ಲವನ್ನಲ್ಲ, ಮಗುವಿನ ಕೈಯನ್ನು. ಅದಕ್ಕೆ ಬಂದೆ.

ಎಪ್ಪತ್ತೆರಡು ಜನ ಗಂಡಸರು, ನಾಲ್ಕು ಕಕ್ಕಸು. ಮೊದಲ ದಿನ ಸಾಲಾಗಿ ಕೂರಿಸಿ ಕಷಾಯ ಕುಡಿಸಿದರು. ಕುಡಿಯುವವರಿಗೆ ಅದು ಹೊಟ್ಟೆಯಲ್ಲಿರುವುದನ್ನೆಲ್ಲ ಹೊರಗೆ ತರುತ್ತದಂತೆ. ಬಲಗಡೆಯವನು ನನ್ನ ಪಂಚೆಯ ಮೇಲೆ ಕಕ್ಕಿದ, ಎಡಗಡೆಯವನು ತನ್ನ ಮೇಲೇ ಕಕ್ಕಿಕೊಂಡ. ಮದುವೆಯ ಊಟ ಬಡಿಸುವ ಹಾಲಿನಲ್ಲಿ ಬಕೆಟ್ಟು ಹಿಡಿದುಕೊಂಡು ಓಡಾಡುವ ಸೇವಕರು. ಸೊಳ್ಳೆಬತ್ತಿ, ಫಿನಾಯಿಲು, ಹುಳಿ ವಾಸನೆ. ನಿನ್ನ ಮೂಗಾಗಿದ್ದರೆ ಒಂದು ಗಳಿಗೆ ತಡೆಯುತ್ತಿರಲಿಲ್ಲ. ನನ್ನ ಹೊಟ್ಟೆಯಿಂದ ಸಾರಾಯಿ ಬರಲಿಲ್ಲ, ಕಾಫಿ ಗಷ್ಟಿನಂಥದ್ದು ಸ್ವಲ್ಪ ಬಂತು. "ಅಳೇ ಸರಕು ಕಣಣ್ಣ, ಬರ್ಲಿ ಬುಡು" ಎಂದು ಸೇವಕ ಬೆನ್ನು ತಟ್ಟಿದ.

ನಿನ್ನೆ ವೇದಿಕೆ ಹತ್ತಿಸಿ ಪಾಪ ಹೇಳಿಸಿದರು. ನಾನು ಕುಡಿಯುವುದಿಲ್ಲ ಎಂದೆ. ಎಲ್ಲರೂ ನಕ್ಕರು. ಮೊದಲ ಮೂರು ದಿನ ಎಲ್ಲರೂ ಹಾಗೇ ಹೇಳುತ್ತಾರಂತೆ. ಒಪ್ಪಿಕೊಳ್ಳದೆ ಹಾರವಿಲ್ಲ ಎಂದರು. ಆಗ ೨೦೦೮ರ ಕಬ್ಬಿನ ಗಾಡಿಯ ಕಥೆ ಹೇಳಿದೆ, ವರ್ಷ ಮಾತ್ರ ಹೇಳಲಿಲ್ಲ. ಚಪ್ಪಾಳೆ ಹೊಡೆದರು. ಮುಂದೆ ಕೂತಿದ್ದವನೊಬ್ಬ ಕಣ್ಣೀರು ಹಾಕಿದ. ನಿಜ ಹೇಳಿದಾಗ ನಕ್ಕರು, ಸುಳ್ಳು ಹೇಳಿದಾಗ ಅತ್ತರು. ವೇದಿಕೆಯ ಹಿಂದೆ ಹೋಗಿ ನನ್ನ ಮೇಲೆ ನಾನೇ ಉಗಿದುಕೊಂಡೆ.

ಬೆಳಿಗ್ಗೆ ಭಜನೆಗೆ ಎದ್ದು ನಿಲ್ಲಿಸುತ್ತಾರೆ. ಕಂಬ ಹಿಡಿದು ನಿಲ್ಲುತ್ತೇನೆ. ಕೈಕಾಲು ಐಸಿನ ಹಾಗೆ ತಣ್ಣಗಿದೆ. ಮಂಡಿ ಮಾತ್ರೆ ಜೇಬಿನಲ್ಲಿದೆ, ಅದೊಂದನ್ನು ಕಿತ್ತುಕೊಳ್ಳಲಿಲ್ಲ. ಇನ್ನು ನಾಲ್ಕು ದಿನ. ೨೪ಕ್ಕೆ ಬಾ, ಮಾತು ತಪ್ಪಬೇಡ.

ಸಿದ್ದರಾಜು


ಯಲಿಯೂರು
೨೫ ಫೆಬ್ರವರಿ ೨೦೨೫

ಸಿದ್ದರಾಜು,

ನಿನ್ನೆ ಬಂದಿದ್ದೆ. ಬಸ್ಸಿನಲ್ಲಿ ನಿಂತುಕೊಂಡೇ ಮದ್ದೂರಿಗೆ ಬಂದು, ಹೂವಿನ ಹಾರ ಕೊಂಡು, ಕಲ್ಯಾಣ ಮಂಟಪದ ಬಾಗಿಲಲ್ಲಿ ಕಾದೆ. ಎಪ್ಪತ್ತೊಂದು ಜನ ಹಾರ ಹಾಕಿಸಿಕೊಂಡು ಹೊರಗೆ ಬಂದರು. ಹೆಂಡಿರು ಮಕ್ಕಳು ಅಳುತ್ತಿದ್ದರು. ನೀನು ಇರಲಿಲ್ಲ. ರಿಜಿಸ್ಟರ್ ಹಿಡಿದವನನ್ನು ಕೇಳಿದರೆ, "ಸಿದ್ದರಾಜಾ? ಆರನೇ ದಿನ್ವೇ ಓದ್ರಲ್ಲ" ಎಂದ. ಇನ್ನೊಂದು ಮಾತು ಕೇಳಲಿಲ್ಲ ನಾನು, ಕೇಳುವ ಮುಖ ಇರಲಿಲ್ಲ.

ಎರಡು ದಿನ ತಡೆಯಲಾಗಲಿಲ್ಲ ನಿನಗೆ. ಮಗುವಿನ ಕೈಗಿಂತ ಅದು ಹೆಚ್ಚಾಯಿತು. ಹಾರವನ್ನು ಮದ್ದೂರಿನ ಕಸದ ತೊಟ್ಟಿಗೆ ಹಾಕಿದೆ. ಇಷ್ಟು ವರ್ಷ ನಿನ್ನ ಉಸಿರನ್ನು ನನ್ನ ಮುಖಕ್ಕೆ ಬಿಡಿಸಿಕೊಂಡೆನಲ್ಲ ಎಂದು ನೆನೆದರೆ ಮುಖ ತಿಕ್ಕಿ ತೊಳೆಯಬೇಕು ಅನಿಸುತ್ತದೆ. ರಂಜಿತಾಗೆ ಫೋನು ಮಾಡಿದೆ, ಎತ್ತಲಿಲ್ಲ. ಅವಳಿಗೂ ನಾಚಿಕೆಯಾಗಿರಬೇಕು.

ಇನ್ನು ನನಗೆ ಬರೆಯಬೇಡ.

ಲಿಂಗಯ್ಯ


ಮಂಡ್ಯ, ಆಸ್ಪತ್ರೆ
೮ ಮಾರ್ಚ್ ೨೦೨೫

ಲಿಂಗಯ್ಯ,

ಬರೆಯಬೇಡ ಎಂದಿದ್ದೆ. ನಿನ್ನ ಕಾಗದ ಮಳವಳ್ಳಿಗೆ ಹೋಗಿ, ಅಲ್ಲಿಂದ ರಂಜಿತಾ ಕೈಯಲ್ಲಿ ಈ ವಾರ್ಡಿಗೆ ಬಂತು. ಓದಿ ಮುಗಿಸಲು ಎರಡು ದಿನ ಹಿಡಿಯಿತು, ಕೈಗೆ ಸೂಜಿ ಚುಚ್ಚಿತ್ತು.

ನಾನು ಓಡಿಹೋಗಲಿಲ್ಲ. ೨೨ರ ಬೆಳಿಗ್ಗೆ ಭಜನೆಗೆ ಎದ್ದು ನಿಂತವನು ಹಾರ್ಮೋನಿಯಂ ಮೇಲೆ ಬಿದ್ದೆನಂತೆ. "ನಶೆ ಇಳೀತಾ ಅದೆ, ಅಂಗೇ ಆಗೋದು" ಎಂದು ಸೇವಕರು ಪಕ್ಕಕ್ಕೆ ಎಳೆದು ಹಾಕಿದರು. ಬಿಪಿ ನೋಡಲು ಬಂದಿದ್ದ ನರ್ಸ್ ಸುನಿತಾ ಎಂಬ ಹೆಂಗಸು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಉಗುರು ಒತ್ತಿ ನೋಡಿದಳು. "ಯಾವ್ ನಶೆನೂ ಅಲ್ಲ ಕಣ್ರಯ್ಯ. ಈ ಮನ್ಸನ ಮೈಯಲ್ಲಿ ರಕ್ತನೇ ಇಲ್ಲ" ಎಂದು ಕೂಗಾಡಿದಳಂತೆ. ಮೂಸದೆ ನೋಡಿದವಳು ಅವಳೊಬ್ಬಳೇ. ಅವಳೇ ಆಂಬುಲೆನ್ಸ್ ಕರೆಸಿದಳು. ಓದ್ರು ಎಂದರೆ ಆಸ್ಪತ್ರೆಗೆ ಎಂದು ರಿಜಿಸ್ಟರಿನವನು ಹೇಳುವ ಮುಂಚೆ ನೀನು ಬೆನ್ನು ತಿರುಗಿಸಿದ್ದೆ.

ಹದಿಮೂರು ಇರಬೇಕಾದ ರಕ್ತ ಐದೂವರೆ ಇತ್ತು. ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿದರು. ಒಳಗೆ ಹುಣ್ಣು. ಆ ಹಳದಿ ಮಾತ್ರೆಯದೇ ಕೆಲಸ, ಎರಡು ವರ್ಷ ಬರಿಹೊಟ್ಟೆಗೆ ನುಂಗಿದ್ದಕ್ಕೆ. ಹುಣ್ಣಿನಿಂದ ದಿನಾ ಸ್ವಲ್ಪ ಸ್ವಲ್ಪ ರಕ್ತ ಸೋರಿದೆ. ಅದಕ್ಕೇ ಎದ್ದರೆ ಕಣ್ಣು ಕತ್ತಲೆ, ಅದಕ್ಕೇ ಬೀಳುವುದು. ಮೂರು ಬಾಟಲಿ ರಕ್ತ ಕೊಟ್ಟರು. ಒಂದು ಅಂಬರೀಶನದು. ಅವನು ಇಲ್ಲಿ ಬಂದು ನಿಂತಾಗ ನಗಲಿಲ್ಲ.

ಡಾಕ್ಟರು ಕೇಳಿದರು, "ಕಕ್ಕಸು ಟಾರಿನ ಹಾಗೆ ಕಪ್ಪಗೆ ಬರುತ್ತಿತ್ತಾ?" ದೀಪಾವಳಿಯಿಂದ ಹಾಗೇ ಎಂದೆ. "ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲವೇನಯ್ಯ? ಅವತ್ತೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದರು. ಹೇಳಲು ಒಬ್ಬನಿದ್ದ ಸ್ವಾಮಿ, ಅವನು ಹೇಸಿಗೆ ತಡೆಯಲಾರ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿನಗೆ ಆಗಬಹುದು.

ಪಕ್ಕದ ಮಂಚದವನು ಮಂಚದಲ್ಲೇ ಮಾಡಿಕೊಳ್ಳುತ್ತಾನೆ. ಅವನ ಮಗಳು ಮುಖ ಸಿಂಡರಿಸದೆ ಬಳಿಯುತ್ತಾಳೆ. ದಿನಾ ನೋಡುತ್ತೇನೆ.

ಸಿದ್ದರಾಜು


ಯಲಿಯೂರು
೧೫ ಮಾರ್ಚ್ ೨೦೨೫

ಸಿದ್ದರಾಜು,

ಏನೆಂದು ಶುರು ಮಾಡಲಿ ಎಂದು ನಾಲ್ಕು ಹಾಳೆ ಹರಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಕಾಗದ ಬಂದ ಮಾರನೆಯ ದಿನವೇ ಆಸ್ಪತ್ರೆಗೆ ಬಂದೆ. ನಿನ್ನ ಎದುರಿಗೆ ಬರಿಗೈಯಲ್ಲಿ ನಿಲ್ಲುವ ಧೈರ್ಯ ಇರಲಿಲ್ಲ. ಮೊದಲು ರಕ್ತ ಕೊಡೋಣ, ಆಮೇಲೆ ಮೇಲೆ ಹೋಗೋಣ ಎಂದು ರಕ್ತನಿಧಿಗೆ ಹೋದೆ. ಡಿಪೋದ ಶಿಬಿರದಲ್ಲಿ ಎರಡು ಸಲ ಕೊಟ್ಟವನು ನಾನು. ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿನ ಲೋಟಕ್ಕೆ ಬಿಟ್ಟರು. ರಕ್ತ ಗಟ್ಟಿಯಿದ್ದರೆ ಹನಿ ಮುಳುಗಬೇಕಂತೆ. ನನ್ನದು ಅರ್ಧಕ್ಕೆ ಇಳಿದು, ತಿರುಗಿ ಮೇಲಕ್ಕೆ ಬಂದು ತೇಲಿತು. ಇನ್ನೊಂದು ಹನಿ ಬಿಡಿಸಿದೆ. ಅದೂ ತೇಲಿತು. ಅಲ್ಲಿದ್ದ ಹುಡುಗಿ, "ನಿಮಗೇ ರಕ್ತ ಬೇಕು ಕಣಜ್ಜ. ಇತ್ತೀಚೆಗೆ ತಲೆ ಸುತ್ತಿ ಬಿದ್ದಿದ್ರಾ?" ಎಂದಳು. ಇಲ್ಲ ಎನ್ನಲು ಬಾಯಿ ತೆರೆದೆ.

ಬಚ್ಚಲಲ್ಲಿ ಪಾಚಿ ಇರಲಿಲ್ಲ, ಸಿದ್ದ. ಚಲುವಮ್ಮ ದಿನಾ ತಿಕ್ಕಿ ತೊಳೆಯುವ ಬಚ್ಚಲು ಅದು. ಚಪ್ಪಲಿಯೂ ಹೊಸದಲ್ಲ. ಫೆಬ್ರವರಿಯಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮೂರನೆಯ ಸಲ ಬಿದ್ದೆ, ಅದನ್ನು ನಿನಗೆ ಬರೆಯಲೂ ಇಲ್ಲ. ಮೂರು ಸಲವೂ ಕಣ್ಣು ಕತ್ತಲಾಯಿತು. ನೀನು ಬರೆದ ಅದೇ ಮಾತು. ನೀನು ಬಿದ್ದರೆ ನೊಣ, ಮೊಬೈಲು, ನಗು. ನಾನು ಬಿದ್ದರೆ ಬಿಸಿನೀರು, ಮಜ್ಜಿಗೆ, ಅಯ್ಯೋ ಪಾಪ. ನನ್ನನ್ನು ಒಬ್ಬರೂ ಊದು ಎನ್ನಲಿಲ್ಲ. ಎನ್ನದಿದ್ದದ್ದು ನನಗೆ ಸಹಜ ಎನಿಸಿತ್ತು.

ನನ್ನ ರಕ್ತ ಒಂಬತ್ತು. ಯಾಕೆ ಇಳಿಯಿತು ಎಂದು ಪರೀಕ್ಷೆ ಮಾಡಬೇಕು, ಅಲ್ಲಿಯತನಕ ಕಬ್ಬಿಣದ ಮಾತ್ರೆ. ಮಾತ್ರೆ ತಿಂದ ಮೇಲೆ ಕಾಫಿ ಕುಡಿಯಬಾರದಂತೆ. ಬಸುರಿಯರ ಮಾತ್ರೆ ಎಂದು ನಕ್ಕಿದ್ದೆನಲ್ಲ, ಅದೇ ಮಾತ್ರೆ. ಚಲುವಮ್ಮ ಅಂಗೈ ಮೇಲೆ ಇಟ್ಟುಕೊಟ್ಟಾಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಿನ್ನ ವಾರ್ಡಿನ ಬಾಗಿಲತನಕ ಬಂದಿದ್ದೆ. ಆ ಪಕ್ಕದ ಮಂಚದ ಹುಡುಗಿ ತನ್ನಪ್ಪನನ್ನು ಒರೆಸುತ್ತಿದ್ದಳು. ನಾನು ಅಭ್ಯಾಸ ಬಲದಿಂದ ಮೂಗಿಗೆ ಕರ್ಚೀಫು ಹಿಡಿದೆ. ನನ್ನ ಕೈ ನನಗೆ ಕಂಡಿತು. ಅದಕ್ಕಿಂತ ಹೇಸಿಗೆಯಾದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಹಿಂದಿರುಗಿ ಬಂದುಬಿಟ್ಟೆ.

ಮೊನ್ನೆ ಮಳವಳ್ಳಿಗೆ ಹೋಗಿ ರಂಜಿತಾಳ ಮುಂದೆ ನಿಂತೆ. ನಾನು ಹೇಳಿದ್ದು ಸುಳ್ಳು, ನಿನ್ನ ಮಾವ ಹದಿನೇಳು ವರ್ಷದಿಂದ ಕುಡಿದಿಲ್ಲ, ಅದಕ್ಕೆ ನಾನೇ ಸಾಕ್ಷಿ, ನನ್ನ ಮೂಗೇ ಸಾಕ್ಷಿ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಫೋನಲ್ಲಿ ಒಂದ್ ಮಾತ್ ಅಂದ್ರಿ, ನಾನು ಮಗೀನ ಕೈ ಬುಡಿಸ್ದೆ. ಈಗ ಬಂದು ಇಂಗ್ ಅಂತೀರಿ. ಯಾವ್ದುನ್ನ ನಂಬ್ಲಿ ಮಾಮ? ಇನ್ಮ್ಯಾಕೆ ನಿಮ್ ಮಾತೂ ಬ್ಯಾಡ, ನನ್ ಕಣ್ಣೇ ಸಾಕು" ಎಂದಳು. ನೀರು ಕೊಟ್ಟಳು. ಅಮೃತಳ ಕೈ ಕೊಡಿಸುತ್ತೇನೆ ಎಂದಿದ್ದೆ, ಅದನ್ನು ಕೊಡಿಸುವ ಅಧಿಕಾರ ನನಗೆ ಉಳಿದಿಲ್ಲ.

ನಿನ್ನ ಕಾಲು ಹಿಡಿಯುತ್ತೇನೆ ಎಂದು ಬರೆದರೆ ನೀನು ನಗುತ್ತೀಯ. ಆದರೂ ಬರೆದಿದ್ದೇನೆ.

ಲಿಂಗಯ್ಯ


ಮಳವಳ್ಳಿ
೨೭ ಮಾರ್ಚ್ ೨೦೨೫

ಕಂಡಕ್ಟರೇ,

ನಗಲಿಲ್ಲ. ಕೋಪ ಹೋಗಿದೆ ಎಂದೂ ತಿಳಿಯಬೇಡ. ಮಂಡಿನೋವಿನ ಜೊತೆ ಅದೂ ಇದೆ, ಈಗ ಎರಡಕ್ಕೂ ಮಾತ್ರೆ ಇಲ್ಲ.

ವಾರ್ಡಿನ ಬಾಗಿಲಲ್ಲಿ ನಿನ್ನನ್ನು ನೋಡಿದೆ. ಕರ್ಚೀಫೂ ನೋಡಿದೆ. ಕೂಗೋಣ ಎಂದುಕೊಂಡೆ. ಗೋಡೆ ಹಿಡಿದುಕೊಂಡು ಹೋದೆಯಲ್ಲ, ಆ ನಡಿಗೆ ಎಲ್ಲೋ ಕಂಡ ಹಾಗಿದೆ ಎನಿಸಿತು. ಆಮೇಲೆ ಹೊಳೆಯಿತು, ಡಿಸೆಂಬರಿನಲ್ಲಿ ನಾನು ನಡೆಯುತ್ತಿದ್ದದ್ದು ಹಾಗೇ.

ರಕ್ತ ಈಗ ಹತ್ತು. ಮನೆಯಲ್ಲಿ ಮೂಸುವುದು ನಿಂತಿದೆ. ಚಿಕ್ಕಮಾದಮ್ಮ ಬೆಳಿಗ್ಗೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡುತ್ತಾಳೆ, ಅದೊಂದು ಹೊಸ ರೋಗ. ಮೋರಿ ಹತ್ತಿರ ಪಟ ಹಿಡಿದವನು ಮೊನ್ನೆ ಎದುರಿಗೆ ಸಿಕ್ಕಿ "ಈಗ ಎಂಗಿದ್ದೀಯಣ್ಣ" ಎಂದ. ಕಿವಿ ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದೆ.

ಸೋಮವಾರ ರಂಜಿತಾ ತಾನೇ ಅಮೃತಳ ಚೀಲ ತಂದು ನನ್ನ ಹೆಗಲಿಗೆ ಹಾಕಿದಳು. ಸ್ವಲ್ಪ ದೂರ ಬಿಟ್ಟು ಹಿಂದೆಯೇ ಬಂದಳು, ನನಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದಾಳೆ. ಮೊದಲು ನಾನು ಮಗುವಿನ ಕೈ ಹಿಡಿಯುತ್ತಿದ್ದೆ, ಈಗ ಅವಳು ನನ್ನ ಕೈ ಹಿಡಿಯುತ್ತಾಳೆ. ಸೇತುವೆಯ ಹತ್ತಿರ ನಿಲ್ಲಿಸಿದಳು. ಆ ಕಡೆ ಈ ಕಡೆ ನೋಡಿದಳು. ರೈಟ್ ಎನ್ನುತ್ತಾಳೆ ಎಂದು ಕಾದೆ. ಅವಳು ಕತ್ತೆತ್ತಿ, "ತಾತ, ಊದು" ಎಂದಳು. ಒಂದೂವರೆ ತಿಂಗಳು ಮನೆಯಲ್ಲಿ ನೋಡಿದ್ದು, ಹೊರಡುವ ಮುಂಚೆ ಅದೂ ಒಂದು ಶಾಸ್ತ್ರ ಎಂದುಕೊಂಡಿದ್ದಾಳೆ. ನಾನು ಬಗ್ಗಿ ಆ ಸಣ್ಣ ಮುಖಕ್ಕೆ ಊದಿದೆ. ಹಿಂದೆ ರಂಜಿತಾ ನಿಂತ ಕಡೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ವಿದ್ಯೆ ಎಲ್ಲಿಂದ ಹೊರಟು ಎಲ್ಲಿಗೆ ಬಂದು ನಿಂತಿದೆ ನೋಡು.

ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು, ಬಾಡೂಟದ ದಿನ. ಡಾಕ್ಟರು ಕುರಿಯ ಲಿವರು, ಅದೇ ಈಲಿ, ತಿನ್ನಲು ಹೇಳಿದ್ದಾರೆ, ಬಾಡಿನ ಅಂಗಡಿಯಲ್ಲಿ ಎರಡು ಪಾಲು ಹೇಳಿಟ್ಟಿದ್ದೇನೆ, ನಿನಗೂ ರಕ್ತ ಕಮ್ಮಿ ತಾನೆ. ಅವತ್ತು ಅರ್ಧ ಮಂಡ್ಯ ಕುಡಿದು ಬಿದ್ದಿರುತ್ತದೆ. ನೀನು ಬರುವ ದಾರಿಯಲ್ಲಿ ತಲೆ ಸುತ್ತಿ ಬಿದ್ದರೆ ಅವತ್ತು ಯಾರೂ ಮಜ್ಜಿಗೆ ತರುವುದಿಲ್ಲ. ಚಲುವಮ್ಮನ ತೋಳು ಹಿಡಿದುಕೊಂಡು ಬಾ.

ನಮ್ಮ ಬಾಗಿಲಲ್ಲಿ ಅಮೃತ ನಿಂತಿರುತ್ತಾಳೆ. ಹೊಸಲು ದಾಟುವ ಮೊದಲು ಊದು.

ಸಿದ್ದರಾಜು